ಹಾಪ್ಸ್ ಬಳ್ಳಿಗೆ ಕೋಲಾರದ ಹಗಲು ಸಾಲದು

2021ರ ಮಾರ್ಚ್ ಕೊನೆಯಲ್ಲಿ ಒಂದು ಸುದ್ದಿ ದೇಶದ ತುಂಬ ಓಡಾಡಿತು. ಬಿಹಾರದ ಔರಂಗಾಬಾದ್ ಜಿಲ್ಲೆಯ ರೈತರೊಬ್ಬರು ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ, ಕಿಲೋಗೆ ಒಂದು ಲಕ್ಷ ರೂಪಾಯಿ ಬಾಳುವ ಚಿಗುರು ಬೆಳೆಯುತ್ತಿದ್ದಾರಂತೆ ಎಂದು. ಪತ್ರಕರ್ತರು ಊರಿಗೇ ಹೋಗಿ ನೋಡಿದರೆ ಹೊಲದಲ್ಲಿ ಅಂಥ ಬೆಳೆಯೇ ಇರಲಿಲ್ಲ. ಸುದ್ದಿ ಸುಳ್ಳೆಂದು ಗೊತ್ತಾದರೂ ಅದು ಹುಟ್ಟಿಸಿದ ಆಸೆ ಹೋಗಲಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಹಾಪ್ಸ್ ಬೀಜದ ಪೊಟ್ಟಣಗಳು ಸಿಗುತ್ತವೆ, ಕುಂಡದಲ್ಲೇ ಹಾಪ್ಸ್ ಬೆಳೆಯಿರಿ ಎನ್ನುವ ವಿಡಿಯೊಗಳೂ ಇವೆ. ಬೆಂಗಳೂರಿನ ಪಬ್ಬುಗಳಲ್ಲಿ ಕ್ರಾಫ್ಟ್ ಬಿಯರಿನ ರುಚಿ ಕಂಡು ಮಾರಿಕುಪ್ಪಂ ರೈಲಿನಲ್ಲಿ ಊರಿಗೆ ಮರಳುವ, ಕೋಲಾರ ಜಿಲ್ಲೆಯ ಬಂಗಾರಪೇಟೆಯ, ಕೆಜಿಎಫ್‌ನ ಹುಡುಗರಿಗೆ ಇದು ತಾರಸಿಯ ಮೇಲೆ ಆಗುವ ಕೆಲಸವೆಂದು ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಆ ವಿಡಿಯೊಗಳು ಹೇಳುವ ಕ್ರಮ ನಮ್ಮ ಸೀಮೆಗೆ ಹೊಂದುತ್ತದೆಯೇ, ಬೆಳೆದ ಮೇಲೆ ಅದರಿಂದ ಏನು ಮಾಡಬಹುದು ಎಂಬುದನ್ನು ಒರೆಗೆ ಹಚ್ಚಿ ನೋಡಿದವರು ಕಡಿಮೆ.

ಮೊದಲು ಬಳ್ಳಿಯ ವಿಚಾರ. ಹಾಪ್ಸ್ ಗಾಂಜಾ ಕುಟುಂಬದ್ದು, ಆದರೆ ಆ ಅಮಲು ಇದರಲ್ಲಿಲ್ಲ. ನೆಲದೊಳಗಿನ ಗಡ್ಡೆಬೇರು ವರ್ಷಾನುಗಟ್ಟಲೆ ಬದುಕುತ್ತದೆ; ಮೇಲಿನ ಬಳ್ಳಿ ಪ್ರತಿ ವರ್ಷ ಹೊಸದಾಗಿ ಎದ್ದು ಐದಾರು ಮೀಟರ್ ಏರಿ ಒಣಗುತ್ತದೆ. ಹಾಗಲ, ಸೌತೆಗಳಿಗಿರುವಂಥ ಕುಡಿಬಳ್ಳಿ ಇದಕ್ಕಿಲ್ಲ, ಕಾಂಡದ ಮೇಲಿನ ಒರಟು ರೋಮಗಳನ್ನೇ ಊರಿ ಹಗ್ಗಕ್ಕೆ ಸುತ್ತಿಕೊಳ್ಳುತ್ತದೆ. ಅದೂ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ. ಹುರುಳಿಕಾಯಿ ಬಳ್ಳಿ ಸುತ್ತುವುದು ಇದಕ್ಕೆ ವಿರುದ್ಧವಾಗಿ. ಬೀನ್ಸ್ ಬೆಳೆದು ರೂಢಿಯಿರುವ ಕೈ ಹಾಪ್ಸನ್ನು ಅದೇ ಅಭ್ಯಾಸದಲ್ಲಿ ಹಗ್ಗಕ್ಕೆ ಸುತ್ತಿಬಿಟ್ಟರೆ ಅದು ಬಿಚ್ಚಿಕೊಂಡು ಮತ್ತೆ ತನ್ನ ದಿಕ್ಕಿಗೇ ತಿರುಗುತ್ತದೆ. ಗಂಡು, ಹೆಣ್ಣು ಬಳ್ಳಿಗಳು ಬೇರೆ ಬೇರೆ. ನಮಗೆ ಬೇಕಾದ್ದು ಹೆಣ್ಣು ಬಳ್ಳಿಯ ಹೂಗೊಂಚಲು: ಹಸಿರು ಪದರಗಳನ್ನು ಒಂದರ ಮೇಲೊಂದು ಹೊದಿಸಿದ ಕೋನ್. ಮಾಗಿದ ಕೋನನ್ನು ಉದ್ದಕ್ಕೆ ಸೀಳಿದರೆ ಪದರಗಳ ಬುಡದಲ್ಲಿ ಅರಿಶಿನದಂಥ ಅಂಟುಪುಡಿ ಕಾಣುತ್ತದೆ. ಅದೇ ಲುಪುಲಿನ್. ಬಿಯರಿನ ಕಹಿ, ಘಮ, ಕೆಡದೆ ಉಳಿಯುವ ಗುಣ ಎಲ್ಲವೂ ಈ ಪುಡಿಯಿಂದಲೇ. ಬೀಜ ಬಿತ್ತಿದರೆ ಹುಟ್ಟಿದ ಗಿಡಗಳಲ್ಲಿ ಎಷ್ಟೋ ಗಂಡಾಗುತ್ತವೆ, ಗಂಡೋ ಹೆಣ್ಣೋ ಎಂದು ತಿಳಿಯುವುದು ಹೂ ಬಿಟ್ಟ ಮೇಲೆ. ಬೀಜದ ಪೊಟ್ಟಣದ ವ್ಯಾಪಾರ ಇಲ್ಲಿಗೇ ಅರ್ಧ ನೆಲಕಚ್ಚಿತು.

ಇನ್ನು ಜನಪ್ರಿಯ ಸಲಹೆ. ಹಾಪ್ಸ್ ಚಳಿ ದೇಶದ ಗಿಡ, ನಮ್ಮ ಸೆಖೆಗೆ ಬರುವುದಿಲ್ಲ ಎನ್ನುತ್ತಾರೆ ಒಂದು ಪಂಗಡದವರು. ನೆರಳುಪರದೆ ಕಟ್ಟಿ, ಬೇರಿಗೆ ಐಸ್ ಸುರಿದು ಚಳಿಗಾಲದ ಭ್ರಮೆ ಹುಟ್ಟಿಸಿ ಎನ್ನುತ್ತಾರೆ ಇನ್ನೊಂದು ಪಂಗಡದವರು. ಇಬ್ಬರೂ ತಪ್ಪು ಕಡೆ ನೋಡುತ್ತಿದ್ದಾರೆ ಎಂಬುದು ನನ್ನ ತಕರಾರು. ಹೂ ಬಿಡಲು ಹಾಪ್ಸ್‌ಗೆ ಚಳಿಗಾಲದ ನಿದ್ದೆ ಕಡ್ಡಾಯವಲ್ಲ ಎಂದು ಅಮೆರಿಕದ ಕೊಲರಾಡೊದ ವಿಜ್ಞಾನಿ ವಿಲಿಯಂ ಬಾವರ್ಲೆ 2019ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಇಲ್ಲಿರುವ ಕೊರತೆ ಹಗಲಿನದು. ಹಾಪ್ಸ್ ಸಾಂಪ್ರದಾಯಿಕವಾಗಿ ಬೆಳೆದದ್ದು 35ರಿಂದ 55 ಡಿಗ್ರಿ ಅಕ್ಷಾಂಶಗಳ ನಡುವೆ. ಅಲ್ಲಿ ಬೇಸಿಗೆಯ ಹಗಲು ಹದಿನೈದು ಹದಿನಾರು ಗಂಟೆ ಇರುವಾಗ ಬಳ್ಳಿ ಎತ್ತರಕ್ಕೆ ಏರುತ್ತದೆ, ಹಗಲು ಕುಗ್ಗತೊಡಗಿದಾಗ ಹೂವಿಗೆ ತಿರುಗುತ್ತದೆ. ಕೋಲಾರ ಜಿಲ್ಲೆ ಇರುವುದು 13 ಡಿಗ್ರಿಯಲ್ಲಿ. ಜೂನ್‌ನ ಅತಿ ಉದ್ದದ ಹಗಲೂ ಇಲ್ಲಿ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ನೆಟ್ಟ ಬಳ್ಳಿಗೆ ವರ್ಷವಿಡೀ ಬೇಸಿಗೆ ಮುಗಿದಂತೆಯೇ ಭಾಸ. ಎದೆಮಟ್ಟ ಏರುವುದರೊಳಗೆ ನಾಲ್ಕು ಕೋನ್ ಬಿಟ್ಟು ಸುಮ್ಮನಾಗುತ್ತದೆ, ಇಲ್ಲವೇ ಕುಗ್ಗಿ ಮಲಗಿಬಿಡುತ್ತದೆ. ನೋಡಿದವರು ಸೆಖೆಗೆ ಸತ್ತಿತು ಅನ್ನುತ್ತಾರೆ.

ಹಗಲಿನ ಅಳತೆಯ ಈ ಮಾತು ಬಂಗಾರಪೇಟೆಯ ರೈತನಿಗೆ ಹೊಸದಲ್ಲ, ಅವರೆ ಬೆಳೆದವನಿಗೆ ಇದು ಗೊತ್ತಿರುವ ವಿದ್ಯೆ. ನಾಟಿ ಅವರೆಯನ್ನು ಯಾವಾಗ ಬಿತ್ತಿದರೂ ಹೂವಾಗುವುದು ಹಗಲು ಕುಗ್ಗಿದ ಮೇಲೆ, ಸೊಗಡಿನ ಕಾಯಿ ಬರುವುದು ಚಳಿಗಾಲಕ್ಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ತಳಿಗಳನ್ನು ತಂದು ಈ ಕಟ್ಟು ಬಿಡಿಸಿತು. ಅವು ಹಗಲಿನ ಅಳತೆ ನೋಡದೆ ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುತ್ತವೆ. ಹಾಪ್ಸ್‌ನಲ್ಲಿ ಇಂಥದ್ದೇ ಕೆಲಸ ಮಾಡಿದ್ದು ದಕ್ಷಿಣ ಆಫ್ರಿಕಾ. ಅಲ್ಲಿನ ಜಾರ್ಜ್ ಪಟ್ಟಣದ ಸುತ್ತಿನ ಬೆಳೆಗಾರರು ಮೊದಲು ತೋಟಕ್ಕೆ ವಿದ್ಯುತ್ ದೀಪ ಹಾಕಿ ಹಗಲು ಹಿಗ್ಗಿಸಿದರು, ಆಮೇಲೆ ಅಲ್ಲಿನ ಹಗಲಿಗೆ ಒಗ್ಗುವ ತಳಿಗಳನ್ನು ಬೆಳೆಸಿಕೊಂಡರು. ಬ್ರೆಜಿಲ್‌ನವರು ಈಗ ಎಲ್‌ಇಡಿ ದೀಪದ ಕೆಳಗೆ ವರ್ಷಕ್ಕೆ ಎರಡು ಕೊಯ್ಲು ತೆಗೆಯುತ್ತಿದ್ದಾರೆ. ಗಿಡಗಳು ಹಗಲನ್ನು ಅಳೆಯುತ್ತವೆ ಎಂಬ ಸುಳಿವು ವಿಜ್ಞಾನಕ್ಕೆ ಮೊದಲು ಸಿಕ್ಕಿದ್ದೂ ಇದೇ ಕುಟುಂಬದಿಂದ. ಫ್ರಾನ್ಸಿನ ಜೂಲಿಯೆನ್ ಟೂರ್ನುವಾ 1912ರ ಸುಮಾರಿಗೆ ಜಪಾನಿ ಹಾಪ್ಸ್ ಮತ್ತು ಸೆಣಬಿನಂಥ ಹೆಂಪ್ ಗಿಡಗಳ ಮೇಲೆ ಈ ಪರೀಕ್ಷೆ ನಡೆಸಿದ್ದ. ಮೊದಲ ಮಹಾಯುದ್ಧದಲ್ಲಿ ಆತ ಸತ್ತ. ಸಿದ್ಧಾಂತಕ್ಕೆ ಹೆಸರಿಟ್ಟ ಕೀರ್ತಿ 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್‌ಗೆ ಹೋಯಿತು.

ಬೆಳಕಿನ ವಿಷಯಕ್ಕೆ ಬಂದರೆ ಕೆಜಿಎಫ್‌ನಷ್ಟು ಹಕ್ಕಿನ ಊರು ಇನ್ನೊಂದಿಲ್ಲ. ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಚಿನ್ನದ ಗಣಿಗೆ ಕರೆಂಟು ಕೊಟ್ಟದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಬಂಗಲೆಗಳಲ್ಲಿದ್ದ ದೊರೆಗಳು ಬಗೆಬಗೆಯ ಇಂಗ್ಲಿಷ್ ಹೂಗಿಡಗಳನ್ನು ಇಲ್ಲಿ ಪಳಗಿಸಿ ಊರಿಗೆ ‘ಲಿಟ್ಲ್ ಇಂಗ್ಲೆಂಡ್’ ಎಂಬ ಹೆಸರು ತಂದವರು. ಆದರೆ ತಲೆಯ ಮೇಲೆ ಉರಿಯುವ ಬಲ್ಬೇ ಹಾಪ್ಸ್‌ಗೆ ಬೇಕಾದ ಬೇಸಿಗೆ ಎಂದು ಹೇಳುವ ವಿಜ್ಞಾನ ಆಗಿನ್ನೂ ಹುಟ್ಟಿರಲಿಲ್ಲ. ಇಂದು ದೀಪ ಹಾಕಿ ಹಗಲು ಹಿಗ್ಗಿಸುವುದು ಯಾರ ಕೈಗೂ ಎಟಕುವ ಕೆಲಸ. ಸೂರ್ಯ ಮುಳುಗಿದ ಮೇಲೆ ನಾಲ್ಕು ಗಂಟೆ 9 ವ್ಯಾಟಿನ ಎಲ್‌ಇಡಿ ಉರಿಸಿದರೆ ತಿಂಗಳಿಗೆ ಒಂದು ಯೂನಿಟ್‌ನ ಆಸುಪಾಸು. ಬಳ್ಳಿ ಉದ್ದವಾದಂತೆ ಇನ್ನೊಂದೆರಡು ಬಲ್ಬು ಬೇಕಾಗಬಹುದು. ಹಗ್ಗದ ತುದಿ ಮುಟ್ಟುವವರೆಗೆ ದೀಪ, ಆಮೇಲೆ ಸ್ವಿಚ್ ಆಫ್. ಗಿಡ ಹೂವಿಗೆ ತಿರುಗುತ್ತದೆ. ಮಾರ್ಚಿನಲ್ಲಿ ನೆಟ್ಟು ಸೆಪ್ಟೆಂಬರಿನಲ್ಲಿ ಕೊಯ್ಯಿರಿ ಎಂಬ ಇಂಗ್ಲೆಂಡಿನ ಕೆಂಟ್, ಅಮೆರಿಕದ ಆರೆಗಾನ್‌ಗಳ ಪಂಚಾಂಗವನ್ನು ಇಲ್ಲಿ ಮೂಲೆಗಿಡಬಹುದು. ಕೈತೋಟದ ಹಾಪ್ಸ್ ಕುರಿತು ಬರೆಯುವವರು ಇದೊಂದನ್ನು ಬಿಟ್ಟು ಗೊಬ್ಬರ, ಮಣ್ಣು, ಪಿಎಚ್ ಎಂದು ಪುಟ ತುಂಬಿಸುತ್ತಾರೆ.

ದೀಪಕ್ಕಿಂತ ಕಷ್ಟದ್ದು ನೀರು. ಅಷ್ಟು ಎಲೆ ಹೊತ್ತ ಬಳ್ಳಿ ಬೇಸಿಗೆಯಲ್ಲಿ ನೀರು ಕುಡಿದೇ ಬದುಕಬೇಕು. ದೊರೆಗಳ ತೋಟಕ್ಕೆ ಪಾಲಾರ್ ಹೊಳೆಯ ಬೇತಮಂಗಲದಿಂದ ನೀರು ಬರುತ್ತಿತ್ತು. ಒಂದೇ ಕೋಣೆಯ ಕೂಲಿ ಲೈನುಗಳಲ್ಲಿದ್ದವರಿಗೆ ಅಂಥ ತೋಟವೇ ಇರಲಿಲ್ಲ. ಇಂದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗಳಿಗೆ ತುಂಬಿಸಿಕೊಳ್ಳುವ ಜಿಲ್ಲೆ ಇದು. ಟ್ಯಾಂಕರ್ ಕರೆಸಿ ಹಾಪ್ಸ್ ಬೆಳೆಸುವುದನ್ನು ನಾನಂತೂ ಹವ್ಯಾಸ ಅನ್ನಲಾರೆ. ಪಾತ್ರೆ ತೊಳೆದ ನೀರು ದಿನವೂ ಸಿಗುವ ಮನೆಯಾದರೆ ಒಂದು ಬಳ್ಳಿ ಸಾಕಬಹುದು. ಒಣ ಹವೆಗೆ ಕೆಂಪು ನುಸಿ ಬರುವುದು ಖಾತ್ರಿ, ಟೊಮೆಟೊ ಬೆಳೆದವರಿಗೆ ಆ ಶತ್ರುವಿನ ಪರಿಚಯ ಮಾಡಿಕೊಡಬೇಕಿಲ್ಲ. ಕೆಜಿಎಫ್‌ನಲ್ಲಿ ಇನ್ನೊಂದು ಎಚ್ಚರವೂ ಬೇಕು. ಗಣಿಯ ತ್ಯಾಜ್ಯ ರಾಶಿ ಹಾಕಿದ ಸೈನೈಡ್ ದಿಬ್ಬಗಳ ಹತ್ತಿರದ ಬೀದಿಗಳಲ್ಲಿ ಗಾಳಿಗಾಲಕ್ಕೆ ಬೂದುಮಣ್ಣು ಮನೆಯೊಳಗೇ ಬಂದು ಕೂರುತ್ತದೆ. ಕೋನಿನ ಅಂಟಿಗೆ ಹಿಡಿದ ಧೂಳನ್ನು ತೊಳೆಯಲು ಹೋದರೆ ಲುಪುಲಿನ್ನೂ ಜೊತೆಗೇ ಹೋಗುತ್ತದೆ. ಅಲ್ಲಿ ಬೆಳೆದದ್ದನ್ನು ಬಾಯಿಗಿಡುವ ಯೋಚನೆ ಬೇಡ.

ಬೆಳೆದರೆ ಉಪಯೋಗವೇನು? ಬಿಯರ್ ಎನ್ನುವವರಿಗೆ ಮೊದಲ ಅಡ್ಡಿ ಕರ್ನಾಟಕ ಅಬಕಾರಿ ಕಾಯ್ದೆ, 1965. ಬಳ್ಳಿ ಬೆಳೆಯಲು ತೊಂದರೆಯಿಲ್ಲ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ವಿಡಿಯೊಗಳು ಈ ಸಾಲನ್ನು ಜಾಣತನದಿಂದ ನುಂಗುತ್ತವೆ. ಕ್ರಿಸ್‌ಮಸ್‌ಗೆ ಮನೆಯಲ್ಲೇ ಶುಂಠಿ ವೈನ್ ಮಾಡುವ ಆಂಗ್ಲೋ ಇಂಡಿಯನ್ ಪರಂಪರೆಯ ಊರಿನಲ್ಲಿ ಈ ಮಾತು ಒರಟಾಗಿ ಕೇಳಿಸೀತು, ಆದರೂ ಹೇಳಬೇಕು. ಮದ್ಯವಿಲ್ಲದ ಶುಂಠಿ ಪಾನಕಕ್ಕೆ ಕುದಿಯುವಾಗ ನಾಲ್ಕು ಕೋನ್ ಹಾಕಿ ಕಹಿ ಒಗ್ಗರಣೆ ಕೊಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕುದಿಸಿದಾಗಲೇ ಕಹಿ ನೀರಿಗೆ ಇಳಿಯುವುದು, ಬರೀ ನೆನೆಸಿದರೆ ಘಮ ಮಾತ್ರ. ಈಸ್ಟ್ ಡಬ್ಬಿ ಬರುವ ಮುನ್ನ ಇಂಗ್ಲೆಂಡಿನ ಮನೆಗಳಲ್ಲಿ ಬ್ರೆಡ್ಡಿನ ಹುದುಗಿಗೆ ಹಾಪ್ಸ್ ಕಷಾಯ ಬೆರೆಸುತ್ತಿದ್ದರು. ಅದು ಹುಳಿ ತರುವ ಬ್ಯಾಕ್ಟೀರಿಯಾವನ್ನು ಹತ್ತಿಕ್ಕಿ ಈಸ್ಟನ್ನು ಬಿಟ್ಟುಬಿಡುತ್ತದೆ. ನಮ್ಮ ಕಡೆಯ ಆಂಗ್ಲೋ ಇಂಡಿಯನ್ ಅಡುಗೆಮನೆ ಆ ಜಾಗಕ್ಕೆ ಹೆಂಡ ತಂದುಕೊಂಡಿತು. ಈಚಲು ಮರ ಕೂಗಳತೆಯಲ್ಲಿರುವಾಗ ಇನ್ನೇನು ಬೇಕು.

ಬಿಹಾರದ ಸುದ್ದಿ ಸುಳ್ಳಾದರೂ ಚಿಗುರಿನ ಪಲ್ಯ ನಿಜ. ಬೆಲ್ಜಿಯಂನ ಪೋಪರಿಂಗೆಯಲ್ಲಿ ವಸಂತದ ಎಳೆ ಚಿಗುರನ್ನು ದುಬಾರಿ ಬೆಲೆಗೆ ಮಾರುತ್ತಾರೆ, ಒಂದೊಂದನ್ನೇ ಮಣ್ಣಿನಿಂದ ಬಿಡಿಸುವ ಕೂಲಿಯೇ ಆ ಬೆಲೆ. ನಮ್ಮ ಒಂಟಿ ಬಳ್ಳಿಯಲ್ಲಿ ಸಿಗುವುದು ಒಂದು ಹಿಡಿ. ನುಗ್ಗೆಸೊಪ್ಪಿನ ಜೊತೆ ಸೇರಿಸಿದರೆ ಕಳೆದುಹೋಗುತ್ತದೆ. ದಿಂಬಿಗೆ ತುಂಬಿದರೆ ನಿದ್ದೆ ಬರುತ್ತದೆಂಬ ನಂಬಿಕೆ ಯುರೋಪಿನಲ್ಲಿ ಹಳೆಯದು. ಅಲ್ಲಿನ ಔಷಧ ಸಂಸ್ಥೆಯೂ ನಿದ್ದೆಗೆ ಹಾಪ್ಸ್ ಬಳಸುವುದನ್ನು ಸಾಂಪ್ರದಾಯಿಕ ಬಳಕೆ ಎಂಬಷ್ಟಕ್ಕೆ ಮಾತ್ರ ಒಪ್ಪುತ್ತದೆ. ಹಾಪ್ಸ್‌ನಲ್ಲಿ ಈಸ್ಟ್ರೋಜೆನ್‌ನಂತೆ ವರ್ತಿಸುವ ಅಂಶವಿರುವುದರಿಂದ ಬಸುರಿಯರು ಕಷಾಯದ ಗೋಜಿಗೆ ಹೋಗದಿರುವುದು ಒಳ್ಳೆಯದು.

ಈ ಸೀಮೆಯಲ್ಲಿ ಹಾಪ್ಸ್‌ನ ಹೆಸರು ಹೊತ್ತ ಗಿಡ ಒಂದು ಆಗಲೇ ಇದೆ ಎಂಬುದು ತಮಾಷೆ. ಕುರುಚಲು ಗುಡ್ಡಗಳಲ್ಲಿ, ಬೇಲಿ ಸಾಲಿನಲ್ಲಿ ಬೆಳೆಯುವ ಬಂದರಿಕೆಯನ್ನು (ತಮಿಳಿನವರ ವಿರಾಲಿ) ಇಂಗ್ಲಿಷಿನಲ್ಲಿ ‘ಹಾಪ್ ಬುಷ್’ ಅನ್ನುತ್ತಾರೆ. ಆಸ್ಟ್ರೇಲಿಯಾಕ್ಕೆ ಹೋದ ಬಿಳಿಯರು ಹಾಪ್ಸ್ ಸಿಗದೆ ಇದರ ರೆಕ್ಕೆಗಾಯಿಗಳನ್ನು ಹಾಕಿ ಬಿಯರ್ ಕಾಯಿಸಿದ್ದರಂತೆ. ನೀರು ಕೇಳದು, ದನ ಮುಟ್ಟದು, ಉಳುಕಿಗೆ ಎಲೆ ಕಟ್ಟುತ್ತಾರೆ. ಇಲ್ಲಿಗೆ ಹೇಳಿಮಾಡಿಸಿದ ಗಿಡ. ಆದರೆ ಇದರಲ್ಲಿ ಲುಪುಲಿನ್ ಇಲ್ಲ, ನೊರೆಬರುವ ಸಪೋನಿನ್ ಇದೆ. ಪಾನಕಕ್ಕೆ ಹಾಕುವ ದೇಶಪ್ರೇಮ ಬೇಡ, ಬೇಲಿಗೆ ಸಾಕು.

ಇಷ್ಟೆಲ್ಲ ಆದ ಮೇಲೂ ನೆಡುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಕೆಜಿಎಫ್‌ನ ಬೆಮೆಲ್ ನಗರದ ಕ್ವಾರ್ಟರ್ಸಿನಂತೆ ಮನೆ ಮುಂದೆ ನಾಲ್ಕಡಿ ನೆಲ, ಪೂರ್ವದ ಗೋಡೆ, ಒಂದು ದೀಪದ ಪಾಯಿಂಟ್ ಇದ್ದರೆ ಇದು ನೋಡಲು ಚೆಂದದ ಬಳ್ಳಿ, ಮಕ್ಕಳಿಗೆ ಗಿಡವೊಂದು ಹಗಲು ರಾತ್ರಿಗಳನ್ನು ಹೇಗೆ ಅಳೆಯುತ್ತದೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಬಂಗಾರಪೇಟೆಯ ಕಾದ ತಾರಸಿಯ ಕುಂಡಕ್ಕೆ ನಾನು ಇದನ್ನು ಸೂಚಿಸಲಾರೆ. ವಿದೇಶದಿಂದ ಅಂಚೆಯಲ್ಲಿ ಗಡ್ಡೆ ತರಿಸುವುದಕ್ಕೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 1970ರ ದಶಕದಿಂದಲೂ ಹಾಪ್ಸ್ ಬೆಳೆಯುತ್ತಿದ್ದಾರೆ, ಹೆಣ್ಣು ಬಳ್ಳಿಯ ಗಡ್ಡೆಗೆ ಅತ್ತ ಕಡೆ ಪ್ರಯತ್ನಿಸುವುದೇ ಸರಿ. ಕೋನ್ ಮುಟ್ಟಿದರೆ ಕಾಗದದಂತೆ ಸದ್ದು ಮಾಡಿ, ಹಿಚುಕಿ ಬಿಟ್ಟಾಗ ಮತ್ತೆ ಉಬ್ಬಿದರೆ ಕೊಯ್ಯುವ ಹೊತ್ತಾಯಿತೆಂದು ಅರ್ಥ. ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಿ, ಗಾಳಿಯಾಡದಂತೆ ಕಟ್ಟಿ ಫ್ರಿಜ್ಜಿನಲ್ಲಿಡಬೇಕು. ಮನೆಯಲ್ಲಿ ನಾಯಿ ಇದ್ದರೆ ಕುದಿಸಿ ಉಳಿದ ಚರಟವನ್ನು ಅದಕ್ಕೆ ಎಟಕದಂತೆ ಮಣ್ಣಲ್ಲಿ ಹೂತುಬಿಡಿ. ಹಾಪ್ಸ್ ತಿಂದ ನಾಯಿಗೆ ಮೈಬಿಸಿ ಏರಿ ಜೀವಕ್ಕೇ ಅಪಾಯವಾಗುತ್ತದೆ.