ಕೊನೆಯಿಂದ ಎರಡನೇ ಸಾಲಿ

ಜಾತ್ರೆಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಮೊಬೈಲ್ ಮುಂದೆ ಹಿಡಿದ. "ನೋಡಣ್ಣ, ನಮ್ಮ ಸಾಲಿ ಎಲ್ಲಿ ಬಿದ್ದದ!" ಯಾದಗಿರಿ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳನ್ನು ಏಳನೇ ತರಗತಿಯ ಅಂಕದ ಮೇಲೆ ಸಾಲಾಗಿ ಜೋಡಿಸಿದ ಪಟ್ಟಿ. ನಾನು ಓದಿದ ಶಾಲೆ ಕೊನೆಯಿಂದ ಎರಡನೆಯದು. ಮಗಳನ್ನು ಅಲ್ಲಿಂದ ಬಿಡಿಸಿ ವ್ಯಾನ್ ಹತ್ತಿಸಬೇಕು ಅಂತ ಅವನ ಲೆಕ್ಕ.

ಅಂಕಿ ಅಂಶ ನೋಡೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಪಟ್ಟಿಯ ಹುಳುಕು ಹುಡುಕುತ್ತಾ ಕೂತೆ.

ಮೊದಲನೆಯದು, ಮಕ್ಕಳ ಸಂಖ್ಯೆ. ತರಗತಿಯಲ್ಲಿ ಎಂಟೇ ಮಕ್ಕಳಿದ್ದರೆ ಒಬ್ಬ ಫೇಲಾದರೂ ಫಲಿತಾಂಶ ಶೇ. 12.5 ಇಳಿಯುತ್ತೆ, ನಲವತ್ತು ಮಕ್ಕಳಿದ್ದರೆ ಶೇ. 2.5 ಮಾತ್ರ. ಅದಕ್ಕೇ ಇಂಥ ಪಟ್ಟಿಗಳ ತುದಿಯಲ್ಲೂ ಬುಡದಲ್ಲೂ ಸಣ್ಣ ಶಾಲೆಗಳೇ ಜಾಸ್ತಿ ಸಿಗೋದು. ಮೂರು ವರ್ಷದ ಸರಾಸರಿ ತೆಗೆದರೆ ಅರ್ಧ ಗದ್ದಲ ಅಡಗುತ್ತೆ.

ಎರಡನೆಯದು, ಮಕ್ಕಳು ಎಲ್ಲಿಂದ ಬರ್ತಾರೆ ಅನ್ನೋದು. ಸುರಪುರ, ಶಹಾಪುರದ ಕಡೆ ಕಾಲುವೆ ನೀರಿದೆ. ಗುರುಮಠಕಲ್ ಕಡೆ ಮಳೆ ನಂಬಿದ ಹೊಲ, ಮನೆಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರೆ ಮಗುವೂ ಹೋಗುತ್ತೆ. ಇವರೆಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿದರೆ ಅಳೆದದ್ದು ಶಾಲೆಯನ್ನಲ್ಲ, ಮನೆಯನ್ನು. ನಾಲ್ಕನೇ ತರಗತಿಯಲ್ಲಿ ಎಲ್ಲಿದ್ದ ಮಗು ಏಳನೆಯದರಲ್ಲಿ ಎಲ್ಲಿಗೆ ಬಂತು ಅಂತ ನೋಡಬೇಕು.

ಮೂರನೆಯದು, ಪರೀಕ್ಷೆ ನಡೆಸೋರು ಯಾರು? 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಬಂತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಕುಸಿಯಿತು. ಹತ್ತನೆಯದರಲ್ಲೇ ಹೀಗಾದರೆ, ತಾವೇ ಪಾಠ ಹೇಳಿ ತಾವೇ ತಿದ್ದುವ ತರಗತಿಗಳ ಅಂಕವನ್ನು ಎಷ್ಟು ನಂಬೋದು? ಕಟ್ಟುನಿಟ್ಟಾಗಿ ತಿದ್ದಿದ ಮೇಷ್ಟ್ರ ಶಾಲೆ ಕೆಳಗೆ, ಕೈ ಸಡಿಲ ಬಿಟ್ಟವರದು ಮೇಲೆ!

ಇಷ್ಟೆಲ್ಲ ಹೇಳಿ ಗೆದ್ದೆ ಅಂದ್ಕೊಂಡೆ. ಆಗ ಅವನ ಮಗಳು ಬಂದಳು, ಆರನೇ ತರಗತಿ. ಪೇಪರ್ ಕೊಟ್ಟೆ, ತಡವರಿಸದೆ ಓದಿದಳು. 84ನ್ನು 7ರಿಂದ ಭಾಗಿಸು ಅಂದೆ. ಪೆನ್ಸಿಲ್ ಕಚ್ಚುತ್ತಾ ಕೂತುಬಿಟ್ಟಳು.

"ಗಣಿತದ ಸರ್ ವರ್ಗ ಆಗಿ ಹೋದರು, ಆಮೇಲೆ ಯಾರೂ ಬಂದಿಲ್ಲ" ಅಂದಳು ಮೆಲ್ಲಗೆ.

ಪಟ್ಟಿ ತಪ್ಪು ಅನ್ನೋದು ನಿಜ. ಅಷ್ಟಕ್ಕೇ ಶಾಲೆ ಸರಿಯಿದೆ ಅಂತ ಆಗಲ್ಲ. ಹೋಲಿಕೆ ಬೇಕು, ಮುಚ್ಚಿಡೋದು ಇನ್ನೂ ಕೆಟ್ಟದ್ದು. ಆದರೆ ರ‍್ಯಾಂಕಿನ ಪಕ್ಕದಲ್ಲೇ ಖಾಲಿ ಹುದ್ದೆಗಳ ಕಾಲಮ್ಮೂ ಇರಲಿ. ಆಗ ನಾಚಿಕೆ ಪಡಬೇಕಾದವರು ಯಾರು ಅಂತ ಗೊತ್ತಾಗುತ್ತೆ. ತಮ್ಮನಿಗೆ ಹೇಳಿದೆ: "ವ್ಯಾನ್ ಆಮೇಲೆ ನೋಡೋಣಪ್ಪ, ಮೊದಲು ಎಸ್‌ಡಿಎಂಸಿ ಸಭೆಗೆ ಹೋಗಿ ಗಣಿತದ ಮೇಷ್ಟ್ರು ಎಲ್ಲಿ ಅಂತ ಕೇಳು."