ಕಲೆ ಕಾಣದ ಆಪರೇಷನ್ ಯಾರಿಗಾಗಿ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೆಲ್ಲ ಈಗ ಮೊದಲು ಕೇಳಿಬರುವುದು, ಹೊಟ್ಟೆಯ ಮೇಲೆ ಕಲೆ ಉಳಿಯುತ್ತದೆಯೇ ಎಂಬ ಪ್ರಶ್ನೆ. ಅದಕ್ಕೆ ಸಿದ್ಧ ಉತ್ತರವೂ ಇದೆ: ಹೊಕ್ಕುಳಲ್ಲಿ ಒಂದೇ ಒಂದು ಗಾಯ, ಸ್ವಲ್ಪ ಕಾಲ ಕಳೆದರೆ ಗುರುತೇ ಇರುವುದಿಲ್ಲ. ಗಾಯ ಒಂದೇ ಆದ್ದರಿಂದ ನೋವು ಕಡಿಮೆ, ಅಪಾಯ ಕಡಿಮೆ, ಒಟ್ಟಿನಲ್ಲಿ ಆಪರೇಷನ್ನೇ ಚಿಕ್ಕದು ಎಂಬ ನಂಬಿಕೆ ಜಾಹೀರಾತಿನಿಂದ ಮನೆಮಾತಿಗೆ ಇಳಿದಿದೆ. ನಾನಿದನ್ನು ಒಪ್ಪುವುದಿಲ್ಲ. ಚರ್ಮದ ಮೇಲಿನ ಗುರುತು ನೋಡಿ ಶಸ್ತ್ರಚಿಕಿತ್ಸೆಯ ಗಾತ್ರ ಅಳೆಯುವ ಅಭ್ಯಾಸವೇ ತಪ್ಪು. ಆ ತಪ್ಪಿನ ಬೆಲೆ ತೆರುವವರು ರೋಗಿಗಳು.

ಒಳಗೆ ಆಗುವುದೇನು ಎಂದು ನೋಡಬೇಕು. ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಸ್ಟೇಪ್ಲರಿನಿಂದ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು 100–150 ಮಿಲಿಲೀಟರ್ ಹಿಡಿಯುವ ಕಿರಿದಾದ ಕೊಳವೆ. ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಮೇಲ್ಭಾಗವೂ ಕತ್ತರಿಸಿದ್ದರ ಜೊತೆಗೇ ಹೋಗುತ್ತದೆ. ಹೋದದ್ದನ್ನು ಮತ್ತೆ ಜೋಡಿಸಲಾಗದು. ಸ್ಟೇಪಲ್ ಹಾಕಿದ ಉದ್ದನೆಯ ಗೆರೆಯಲ್ಲಿ ಎಲ್ಲಾದರೂ ಸೋರಿಕೆಯಾದರೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಗಬಹುದು. ಜೀವಕ್ಕೇ ಕುತ್ತು ಬರಬಹುದು. ಇದು ಅಪರೂಪ, ಆದರೆ ನಿಜ. ಹೊಟ್ಟೆಯ ಮೇಲೆ ಐದು ತೂತಿದ್ದರೂ ಅಷ್ಟೇ, ಒಂದಿದ್ದರೂ ಅಷ್ಟೇ, ಒಳಗಿನ ಕೆಲಸದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ.

ಒಂದೇ ಗಾಯದ ವಿಧಾನವನ್ನು ಪ್ರಗತಿಯ ಮುಂದಿನ ಮೆಟ್ಟಿಲು ಎಂದು ಹೇಳುವುದು ವಾಡಿಕೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1966ರಲ್ಲಿ ಮೊದಲ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ನೇರ ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ, ಮಾಡಿದಾಗ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಅದನ್ನೇ ಸಣ್ಣ ತೂತುಗಳ ಮೂಲಕ, ಲ್ಯಾಪ್ರೊಸ್ಕೋಪಿಯಲ್ಲಿ ಮಾಡಿದ ವರದಿ ಬಂತು. ಅದು ದೊಡ್ಡ ನೆಗೆತ. ಕೀವು ತುಂಬುವ ಗಾಯಗಳು ಕಡಿಮೆಯಾದವು, ಹರ್ನಿಯಾ ಕಡಿಮೆಯಾಯಿತು, ರೋಗಿ ಬೇಗ ಎದ್ದು ಓಡಾಡತೊಡಗಿದ. 2008ರ ಹೊತ್ತಿಗೆ ಸ್ಲೀವನ್ನು ಒಂದೇ ಗಾಯದಿಂದ ಮಾಡಿದ ವರದಿಗಳು ಬರತೊಡಗಿದವು. ಅಲ್ಲಿ ಕೈಬಿಟ್ಟದ್ದು ಉದ್ದನೆಯ ಸೀಳನ್ನಲ್ಲ, 5ರಿಂದ 15 ಮಿಲಿಮೀಟರಿನ ನಾಲ್ಕೈದು ಸಣ್ಣ ತೂತುಗಳನ್ನು. ಅವಕ್ಕೆ ಬದಲಾಗಿ ಹೊಕ್ಕುಳಲ್ಲಿ ಸುಮಾರು ಮೂರು ಸೆಂಟಿಮೀಟರಿನ ಒಂದು ದೊಡ್ಡ ಗಾಯ ಮಾಡಬೇಕಾಯಿತು. ಹೊಕ್ಕುಳ ಮಡಿಕೆ ಮುಚ್ಚಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅದು ಕಾಣುವುದಿಲ್ಲ. ಕಾಣದ್ದು ಚಿಕ್ಕದಾಗಿಯೇ ಇರಬೇಕೆಂದಿಲ್ಲ.

ಒಂದೇ ಗಾಯದಿಂದ ಸರ್ಜನ್‌ನ ಕೈಗೆ ಆಗುವ ತೊಡಕು ರೋಗಿಗಳಿಗೆ ತಿಳಿಯುವುದೇ ಇಲ್ಲ. ಸಾಮಾನ್ಯ ಲ್ಯಾಪ್ರೊಸ್ಕೋಪಿಯಲ್ಲಿ ಕ್ಯಾಮೆರಾ ನಡುವೆ, ಉಪಕರಣಗಳು ಎರಡು ಬದಿಯಿಂದ ಬಂದು ಒಂದು ಬಿಂದುವಿನಲ್ಲಿ ಸೇರುತ್ತವೆ. ಒಂದು ಕೈ ಹಿಡಿದು ಎಳೆದರೆ ಇನ್ನೊಂದು ಬಿಡಿಸುತ್ತದೆ. ಒಂದೇ ಗಾಯದಲ್ಲಿ ಕ್ಯಾಮೆರಾ, ಇಕ್ಕಳ, ಸ್ಟೇಪ್ಲರ್ ಎಲ್ಲವೂ ಅಕ್ಕಪಕ್ಕ ಒಂದೇ ದಿಕ್ಕಿಗೆ ಹೋಗಬೇಕು. ಕಿರಿಬಾಯಿಯ ಜಾಡಿಯೊಳಗೆ ಎರಡು ಉದ್ದನೆಯ ಚಮಚ ಇಳಿಸಿ ತಳದ ಉಪ್ಪಿನಕಾಯಿ ಹೋಳನ್ನು ಎತ್ತುವಾಗಿನ ತಿಕ್ಕಾಟವೇ ಅದು. ಸ್ಥೂಲದೇಹಿಗಳಲ್ಲಿ ಹೊಕ್ಕುಳು ಕೆಳಗೆ ಜಾರಿರುತ್ತದೆ, ಜಠರದ ಮೇಲ್ತುದಿ ಮಾತ್ರ ಎದೆಗೂಡಿನ ಅಡಿಯಲ್ಲಿ ದೂರದಲ್ಲೇ ಉಳಿದಿರುತ್ತದೆ. ಅದರ ಮೇಲೆ ಕೊಬ್ಬು ತುಂಬಿ ಊದಿದ ಯಕೃತ್ತು ಹಾಸಿರುತ್ತದೆ. ಹೆಚ್ಚು ತೂಕದವರಿಗೆ, ಅಂದರೆ ಈ ಚಿಕಿತ್ಸೆ ಹೆಚ್ಚು ಅಗತ್ಯವಿರುವವರಿಗೇ, ಈ ವಿಧಾನ ಕಡಿಮೆ ಹೊಂದುತ್ತದೆ.

ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಒಂದು ಗಾಯ ಮತ್ತು ನಾಲ್ಕು ತೂತುಗಳ ವಿಧಾನವನ್ನು ಹೋಲಿಸಿ 200 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಒಂದು ವರ್ಷದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕಲೆಯ ಬಗ್ಗೆ ರೋಗಿಗಳ ತೃಪ್ತಿ ಒಂದು ಗಾಯದವರಲ್ಲಿ ಹೆಚ್ಚಿತ್ತು. ಹರ್ನಿಯಾ ನಾಲ್ಕು ತೂತಿನವರಲ್ಲಿ ಶೇ. 1.2, ಒಂದು ಗಾಯದವರಲ್ಲಿ ಶೇ. 8.4. ಅದು ಬೇರೆ ಅಂಗದ ಶಸ್ತ್ರಚಿಕಿತ್ಸೆ, ನಿಜ. ಆದರೆ ಹೊಕ್ಕುಳ ಗೋಡೆ ಅದೇ, ಗಾಯವೂ ಅದೇ, ಜೊತೆಗೆ ಸ್ಥೂಲಕಾಯವೇ ಹರ್ನಿಯಾಕ್ಕೆ ಒಂದು ಕಾರಣ.

ಪಳಗಿದ ಕೈಯಲ್ಲಿ, ಆರಿಸಿದ ರೋಗಿಗಳಲ್ಲಿ ಒಂದೇ ಗಾಯದ ಸ್ಲೀವ್ ಸುರಕ್ಷಿತವಾಗಿ ನಡೆಯುತ್ತದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ಆಕ್ಷೇಪ, ಅದನ್ನು ಮೊದಲೇ ಮಾತು ಕೊಟ್ಟು ಮಾರುವುದಕ್ಕೆ. ರಕ್ತ ಒಸರಿದಾಗ, ಯಕೃತ್ತು ಅಡ್ಡ ಬಂದಾಗ ಇನ್ನೊಂದು ತೂತು ಮಾಡುವುದು ಸರ್ಜನ್‌ನ ವಿವೇಕ. 'ಒಂದೇ' ಎಂದು ಮಾತು ಕೊಟ್ಟಿರುವಾಗ ಆ ವಿವೇಕ ಸೋಲಿನಂತೆ ಕಾಣತೊಡಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ 'ಬೇಕೆನಿಸಿದರೆ ಎಷ್ಟು ತೂತಾದರೂ ಮಾಡಿ ಡಾಕ್ಟ್ರೇ' ಎಂದು ಬಾಯಿಬಿಟ್ಟು ಹೇಳುವ ರೋಗಿ ತನ್ನ ಜೀವಕ್ಕೆ ತಾನೇ ದೊಡ್ಡ ಉಪಕಾರ ಮಾಡಿಕೊಳ್ಳುತ್ತಾಳೆ.

ಹಾಗಾದರೆ ಕಲೆ ಬೇಡವೆನ್ನುವ ಹೆಣ್ಣುಮಗಳನ್ನು ಹಳಿಯಬೇಕೇ? ಖಂಡಿತ ಇಲ್ಲ. ಸೀರೆ ಉಡುವ ನಾಡಿನಲ್ಲಿ ಹೊಟ್ಟೆಯ ಮೇಲಿನ ಗುರುತು ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಆಕೆ ಅಂಜುವುದು ಆ ನಾಲ್ಕು ಜನ ಕೇಳುವ ಮಾತಿಗೆ: ತಿನ್ನೋದು ಕಡಿಮೆ ಮಾಡಿದ್ದರೆ ಆಗುತ್ತಿರಲಿಲ್ಲವೇ, ದುಡ್ಡು ಹೆಚ್ಚಾಗಿತ್ತೇ, ಗಂಡು ನೋಡುವವರಿಗೆ ಏನು ಹೇಳುತ್ತೀರಿ? ತೂಕ ಎಂದರೆ ಸೋಮಾರಿತನ, ಆಪರೇಷನ್ ಎಂದರೆ ಅಡ್ಡದಾರಿ ಎಂಬ ಈ ನಂಬಿಕೆಯೇ, ಕಲೆ ಕಾಣದಿದ್ದರೆ ಆಪರೇಷನ್ನೂ ಚಿಕ್ಕದು ಎಂಬ ಆ ಮೊದಲಿನ ನಂಬಿಕೆಯನ್ನು ಸಾಕುತ್ತಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆಗೆ ಹೋದ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡಾಗ, ಅದೂ ತೂಕ ಇಳಿಸುವ ಶಸ್ತ್ರಚಿಕಿತ್ಸೆಯೂ ಒಂದೇ ಎಂದು ಮಾತಾಡಿದವರನ್ನು ನಾನು ಕೇಳಿದ್ದೇನೆ. ಒಂದೇ ಅಲ್ಲ. ಅದು ಆಕಾರ ತಿದ್ದುವ ಕೆಲಸ, ಇದು ರೋಗಕ್ಕೆ ಚಿಕಿತ್ಸೆ. ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ 2007ರಲ್ಲಿ ತೋರಿಸಿದ್ದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವು ಗಣನೀಯವಾಗಿ ಕಡಿಮೆ ಎಂದು. ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರವೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40 ದಾಟಿದವರಿಗೆ, ಅಥವಾ 35 ದಾಟಿ ಹತೋಟಿಗೆ ಬಾರದ ಮಧುಮೇಹ, ತೀವ್ರ ನಿದ್ರಾ ಉಸಿರುಗಟ್ಟುವಿಕೆಯಂಥ ತೊಂದರೆ ಇರುವವರಿಗೆ, ಬೇರೆ ದಾರಿಗಳು ಫಲಿಸದಿದ್ದಾಗ ಇದನ್ನು ವಿಮೆಯಿಂದ ಹೊರಗಿಡುವಂತಿಲ್ಲ ಎಂದು ನಿಯಮ ಮಾಡಿದೆ. ಕರ್ನಾಟಕದ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ ತೂಕ ಹೆಚ್ಚಿದೆ ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅವರಲ್ಲಿ ಕೆಲವರಿಗಾದರೂ ಈ ಚಿಕಿತ್ಸೆ ಬೇಕಾಗುತ್ತದೆ. ಅದನ್ನು ನಾಚಿಕೆಯ ವಿಷಯ ಮಾಡಿಟ್ಟವರು ನಾವು.

ನಾಚಿಕೆ ಇದ್ದಲ್ಲಿ ಗುಟ್ಟು. ಯಾರಿಗೂ ಗೊತ್ತಾಗದಂತೆ ಮಾಡಿಸಿಕೊಳ್ಳಬಹುದು ಎಂಬುದೇ ಕಲೆ ಕಾಣದ ಆಪರೇಷನ್ನಿನ ನಿಜವಾದ ಆಕರ್ಷಣೆ. ಆದರೆ ಈ ಚಿಕಿತ್ಸೆ ಗುಟ್ಟಿನಲ್ಲಿ ಬಾಳುವಂಥದ್ದಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತವಳಿಗೆ ಎರಡು ತುತ್ತಿಗೆ ಹೊಟ್ಟೆ ಕಟ್ಟುತ್ತದೆ. ಅತ್ತೆ, ದೊಡ್ಡಮ್ಮ, ಬಡಿಸುವವರು ಎಲ್ಲರೂ ಇನ್ನೊಂದು ಹೋಳಿಗೆಗೆ ಒತ್ತಾಯ ಮಾಡುತ್ತಾರೆ. ತಿಂದರೆ ವಾಂತಿ, ಬಿಟ್ಟರೆ ಪ್ರಶ್ನೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಆಯುಷ್ಯವಿಡೀ ಬೇಕು, ರಕ್ತಪರೀಕ್ಷೆಯೂ ಬೇಕು. ಅವಿಭಕ್ತ ಕುಟುಂಬದಲ್ಲಿ ದಿನಾ ಇಷ್ಟು ಮಾತ್ರೆಗಳನ್ನು ಮುಚ್ಚಿಟ್ಟು ನುಂಗುವುದು ಎಷ್ಟು ವರ್ಷ ಸಾಧ್ಯ? ಒಂದು ವರ್ಷದಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು ಎಂಬುದನ್ನು, ಮೊಮ್ಮಗುವಿಗೆ ಕಾದಿರುವ ಮನೆಗೆ ಹೇಳದೆ ಪಾಲಿಸುವುದು ಹೇಗೆ?

ಇನ್ನೂ ಕಳವಳಕಾರಿಯಾದದ್ದು ವೈದ್ಯರಿಂದಲೇ ಮುಚ್ಚಿಡುವುದು. ಹೊಟ್ಟೆನೋವೆಂದು ಬಂದವರ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ಗುರುತುಗಳಿದ್ದರೆ ತುರ್ತು ಚಿಕಿತ್ಸೆಯ ಡಾಕ್ಟರು ತಾವಾಗಿ ಕೇಳುತ್ತಾರೆ. ಹೊಕ್ಕುಳ ಮಡಿಕೆಯಲ್ಲಿ ಹುದುಗಿದ ಗುರುತು ಕಣ್ಣಿಗೆ ಬೀಳದೆ ಹೋಗಬಹುದು. ಬೈಪಾಸ್ ಆದವರಲ್ಲಿ ಕರುಳು ಒಳಗೇ ಸಿಕ್ಕಿಕೊಂಡು ನೋವು ಬರಬಹುದು; ಅಲ್ಲಿ ತಡ ಮಾಡುವಂತಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನ್ಯಾಕ್, ಐಬುಪ್ರೊಫೆನ್ ಮಾತ್ರೆಗಳು ಅವರ ಜಠರದ ಜೋಡಣೆಯಲ್ಲಿ ಹುಣ್ಣು ಮಾಡಬಲ್ಲವು.

ಸ್ಲೀವ್ ಇರಲಿ, ಬೈಪಾಸ್ ಇರಲಿ, ಮೊದಲ ತಿಂಗಳುಗಳಲ್ಲಿ ವಾಂತಿ ನಿಲ್ಲದೆ ಹೋದರೆ ದೇಹದ ಥಯಾಮಿನ್, ಅಂದರೆ ಬಿ1, ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ನಮ್ಮ ಊರುಗಳಲ್ಲಿ ಸುಸ್ತು, ವಾಂತಿ ಎಂದರೆ ಮೊದಲ ಮದ್ದು ಒಂದು ಬಾಟಲಿ ಗ್ಲೂಕೋಸ್. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇಂಥವರಲ್ಲಿ ಮಿದುಳಿಗೆ ಪೆಟ್ಟು ಬೀಳಬಹುದು: ಕಣ್ಣಾಲಿ ತಿರುಗದು, ನಡಿಗೆ ತತ್ತರಿಸುತ್ತದೆ, ಮಾತು ಗೊಂದಲವಾಗುತ್ತದೆ, ಕೆಲವೊಮ್ಮೆ ನೆನಪು ಮರಳಿ ಬಾರದು. ಒಂದು ಇಂಜೆಕ್ಷನ್ನಿನಿಂದ ತಪ್ಪಿಸಬಹುದಾದದ್ದು ಇದು. ಅದಕ್ಕೆ ಆ ಕ್ಲಿನಿಕ್ಕಿನ ಡಾಕ್ಟರಿಗೆ ವಿಷಯ ಗೊತ್ತಿರಬೇಕು. ರೋಗಿಗೆ ಎಚ್ಚರ ತಪ್ಪಿದ್ದರೆ ಜೊತೆಗೆ ಬಂದ ಗಂಡನಿಗೋ ಅಮ್ಮನಿಗೋ ಗೊತ್ತಿರಬೇಕು. ಕಲೆಯ ಬಗ್ಗೆ ಅಷ್ಟೊಂದು ಮಾತಾಡುವ ಆಸ್ಪತ್ರೆಗಳು ಮನೆಗೆ ಕಳಿಸುವ ದಿನ ಯಾವ ಶಸ್ತ್ರಚಿಕಿತ್ಸೆ, ಯಾವ ದಿನಾಂಕ, ವಾಂತಿಯಾದರೆ ಮೊದಲು ಥಯಾಮಿನ್ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯನ್ನು ರೋಗಿಯ ಕೈಗೊಂದು, ಮನೆಯವರ ಕೈಗೊಂದು ಕೊಡಲಿ.