ತಿಂಗಳಿಗೆ 99 ರೂಪಾಯಿಯ ವೇಗ

ಸಣ್ಣ ಸಾಹಿತ್ಯ ಪತ್ರಿಕೆಯಿರಲಿ, ಊರಿನ ಗ್ರಂಥಾಲಯವಿರಲಿ, ಯಕ್ಷಗಾನ ಮೇಳವಿರಲಿ, ಜಾಲತಾಣ ಮಾಡಲು ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಕಡಿಮೆ ದುಡ್ಡಿಗೆ ವೇಗದ ಹೋಸ್ಟಿಂಗ್ ಎಲ್ಲಿ ಸಿಗುತ್ತದೆ? ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಗೊತ್ತಿರುವ ಪರಿಚಯದವರೊಬ್ಬರು ದೊಡ್ಡ ಕಂಪನಿಯೊಂದರ ಶೇರ್ಡ್ ಹೋಸ್ಟಿಂಗ್ ಪ್ಲಾನ್ ತೋರಿಸುತ್ತಾರೆ, ಮೂರ್ನಾಲ್ಕು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿಸುತ್ತಾರೆ, ವರ್ಡ್‌ಪ್ರೆಸ್ ಹಾಕಿಕೊಡುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು. ನಾನು ಇಲ್ಲಿ ಪರಿಶೀಲಿಸಹೊರಟಿರುವುದು ಈ ರೂಢಿಯನ್ನೇ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ಬಜೆಟ್ಟಿನಲ್ಲಿ ವೇಗ ಖಂಡಿತ ಸಾಧ್ಯ. ಆದರೆ ಅದರ ಬಹುಪಾಲು ಪುಟದ ತೂಕದಿಂದ ಮತ್ತು ಸರ್ವರಿನ ದೂರದಿಂದ ತೀರ್ಮಾನವಾಗುತ್ತದೆ. ನಾವು ತಲೆಕೆಡಿಸಿಕೊಳ್ಳುವ ಪ್ಲಾನಿನ ಹೆಸರಿನಿಂದ ತೀರ್ಮಾನವಾಗುವುದು ಸ್ವಲ್ಪ ಮಾತ್ರ.

ಬೆಲೆಯಿಂದಲೇ ಶುರು ಮಾಡೋಣ. ಹೋಸ್ಟಿಂಗ್ ಕಂಪನಿಗಳ ದರಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ತಿಂಗಳ ದರ ಸಾಮಾನ್ಯವಾಗಿ ಮೊದಲ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಅದೂ ಅತಿ ದೀರ್ಘ ಅವಧಿಯ ಹಣ ಮುಂಗಡ ಕಟ್ಟಿದವರಿಗೆ. ಉದಾಹರಣೆಗೆ, ತಿಂಗಳಿಗೆ 99 ರೂಪಾಯಿ ಎಂದಿರುವ ಪ್ಲಾನಿಗೆ 48 ತಿಂಗಳ ಹಣ ಒಟ್ಟಿಗೆ ಕಟ್ಟಬೇಕು ಎಂದಿಟ್ಟುಕೊಳ್ಳಿ. 4752 ರೂಪಾಯಿ ಆಯಿತು. ಶೇ. 18 ಜಿಎಸ್‌ಟಿ ಸೇರಿದರೆ 5607. ನಾಲ್ಕು ವರ್ಷದ ಬಳಿಕ ರಿನ್ಯೂವಲ್ ದರ ತಿಂಗಳಿಗೆ 350 ಆದರೆ, ಐದನೆಯ ವರ್ಷವೊಂದಕ್ಕೇ ತೆರಿಗೆ ಸೇರಿ 4956 ರೂಪಾಯಿ ತೆರಬೇಕು. ಮೊದಲ ನಾಲ್ಕು ವರ್ಷಕ್ಕೆ ಕೊಟ್ಟದ್ದರ ಹತ್ತಿರಹತ್ತಿರ ಅಷ್ಟೇ ಮೊತ್ತ ಒಂದೇ ವರ್ಷಕ್ಕೆ! ಐದು ವರ್ಷಕ್ಕೆ ಹಂಚಿ ನೋಡಿದರೆ ತಿಂಗಳಿಗೆ 176 ರೂಪಾಯಿ ಬೀಳುತ್ತದೆ. ಇದು ದುಬಾರಿಯೆಂದು ನಾನು ಹೇಳುತ್ತಿಲ್ಲ. ಆದರೆ ಚಂದಾ ಹಣದಲ್ಲಿ ನಡೆಯುವ ಪತ್ರಿಕೆ ಐದನೆಯ ವರ್ಷದ ಈ ಬಿಲ್ಲಿಗೆ ಸಿದ್ಧವಾಗಿರುವುದಿಲ್ಲ. ಎಷ್ಟೋ ಕನ್ನಡ ತಾಣಗಳು ಇದ್ದಕ್ಕಿದ್ದಂತೆ ಮಾಯವಾಗುವುದಕ್ಕೆ ಇಂಥ ಬಿಲ್ಲೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಆದ್ದರಿಂದ ಪ್ಲಾನನ್ನು ಅಳೆಯಬೇಕಾದದ್ದು ರಿನ್ಯೂವಲ್ ದರದಿಂದ, ಆರಂಭದ ದರವನ್ನು ರಿಯಾಯಿತಿ ಎಂದಷ್ಟೇ ಎಣಿಸಿಕೊಳ್ಳಬೇಕು.

ಇನ್ನು ಶೇರ್ಡ್ ಹೋಸ್ಟಿಂಗಿನ ಒಳಗೇನಿದೆ ಎಂದು ನೋಡೋಣ. ಒಂದೇ ಯಂತ್ರದಲ್ಲಿ ನೂರಾರು ತಾಣಗಳು ಇರುತ್ತವೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲರಿಗೂ ಸೇರಿದ್ದು. ವಠಾರದ ಒಂದೇ ನಲ್ಲಿಯ ಹಾಗೆ, ಪಕ್ಕದ ಮನೆಯವರು ಹಂಡೆ ಇಟ್ಟರೆ ನಮ್ಮ ಬಿಂದಿಗೆ ಕಾಯಬೇಕು. ಯಾರೂ ಮಿತಿ ಮೀರದಂತೆ ತಡೆಯಲು ಬಹಳಷ್ಟು ಕಂಪನಿಗಳು ಕ್ಲೌಡ್‌ಲಿನಕ್ಸ್‌ನಂಥ ವ್ಯವಸ್ಥೆ ಬಳಸಿ ಪ್ರತಿ ಖಾತೆಗೂ ಕಡಿವಾಣ ಹಾಕುತ್ತವೆ: ಇಷ್ಟು ಸಿಪಿಯು, ಇಷ್ಟು ಮೆಮೊರಿ, ಏಕಕಾಲಕ್ಕೆ ಇಷ್ಟೇ ಎಂಟ್ರಿ ಪ್ರೊಸೆಸ್ (ಒಟ್ಟಿಗೆ ನಡೆಯಬಹುದಾದ ಪುಟದ ಕೋರಿಕೆಗಳು). ನವೆಂಬರ್ 1ರಂದು ನಿಮ್ಮ ರಾಜ್ಯೋತ್ಸವದ ಲೇಖನದ ಲಿಂಕ್ ಹತ್ತು ವಾಟ್ಸಾಪ್ ಗುಂಪುಗಳಿಗೆ ಹೋಯಿತೆನ್ನಿ. ಕ್ಯಾಶ್ (ಒಮ್ಮೆ ಕಟ್ಟಿದ ಪುಟವನ್ನು ಮತ್ತೆ ಕೊಡಲು ಎತ್ತಿಡುವ ಏರ್ಪಾಡು) ಇಲ್ಲದ ವರ್ಡ್‌ಪ್ರೆಸ್ ತಾಣದಲ್ಲಿ ಪ್ರತಿ ಓದುಗನಿಗೂ ಪಿಎಚ್‌ಪಿ ಹೊಸದಾಗಿ ಓಡಬೇಕು, ಡೇಟಾಬೇಸಿನಿಂದ ಲೇಖನ, ಮೆನು, ಪಕ್ಕದ ಪಟ್ಟಿ ಎಲ್ಲವನ್ನೂ ತಂದು ಪುಟ ಕಟ್ಟಬೇಕು. ಒಂದಿಷ್ಟು ಜನ ಒಂದೇ ಕ್ಷಣಕ್ಕೆ ಒತ್ತಿದರೆ ಮಿತಿ ತುಂಬುತ್ತದೆ, 508 ಎಂಬ ದೋಷಸಂಖ್ಯೆ ತೆರೆಯ ಮೇಲೆ ಬರುತ್ತದೆ. ವರ್ಷವಿಡೀ ಖಾಲಿಯಿದ್ದ ತಾಣ, ಓದುಗರು ಬಂದ ಒಂದು ದಿನವೇ ಬಾಗಿಲು ಹಾಕುತ್ತದೆ.

ಹಾಗಾಗಿ ‘ಅನ್‌ಲಿಮಿಟೆಡ್’ ಎಂಬ ಭರವಸೆಯನ್ನು ನೆಚ್ಚಿಕೊಳ್ಳಬಾರದು. ಡಿಸ್ಕಿನ ಜಾಗಕ್ಕೆ ಮಿತಿಯಿಲ್ಲ ಎಂದಿರುವ ಕಡೆಯೂ ಕಡತಗಳ ಸಂಖ್ಯೆಗೆ ಮಿತಿ ಇರುತ್ತದೆ. ಅದನ್ನು ಐನೋಡ್ ಮಿತಿ ಎನ್ನುತ್ತಾರೆ. ಒಂದೊಂದು ಚಿತ್ರ, ಥೀಮಿನ ಒಂದೊಂದು ತುಣುಕು, ಮೇಲ್‌ಬಾಕ್ಸಿನಲ್ಲಿ ಕೂತ ಒಂದೊಂದು ಪತ್ರವೂ ಆ ಲೆಕ್ಕಕ್ಕೆ ಸೇರುತ್ತದೆ. ಶೇ. 99.9 ಅಪ್‌ಟೈಮ್ ಎಂಬುದನ್ನೂ ಒಮ್ಮೆ ಗುಣಿಸಿ ನೋಡಬೇಕು. ಉಳಿದ ಶೇ. 0.1 ಎಂದರೆ ತಿಂಗಳಿಗೆ ಸುಮಾರು 43 ನಿಮಿಷ, ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ. ಸಣ್ಣ ತಾಣಕ್ಕೆ ಇದು ಸಹ್ಯವೇ. ಆದರೆ ಕೊಳ್ಳುವ ಮೊದಲು ಎಂಟ್ರಿ ಪ್ರೊಸೆಸ್ ಎಷ್ಟು, ಐನೋಡ್ ಎಷ್ಟು, ಪಿಎಚ್‌ಪಿಯ ಯಾವ ಆವೃತ್ತಿ, ಸರ್ವರ್ ಯಾವ ಊರಿನಲ್ಲಿ ಎಂಬ ನಾಲ್ಕು ಪ್ರಶ್ನೆ ಕೇಳಲೇಬೇಕು. ನೇರವಾಗಿ ಉತ್ತರಿಸದ ಕಂಪನಿಗೆ ನಾಲ್ಕು ವರ್ಷದ ಹಣ ಒಪ್ಪಿಸಬೇಡಿ.

ಈ ನಾಲ್ಕರಲ್ಲಿ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಕಡಿಮೆ ಗಮನ ಸಿಗುವುದು ಅದಕ್ಕೇ. ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಕರ್ನಾಟಕದಿಂದ ಅಮೆರಿಕದ ಪೂರ್ವ ಕರಾವಳಿ 13,000 ಕಿಲೋಮೀಟರಿಗೂ ದೂರ. ಎಷ್ಟೇ ದುಡ್ಡು ಸುರಿದರೂ ಒಮ್ಮೆ ಹೋಗಿ ಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ 200 ದಾಟುತ್ತದೆ. ಶಿರಸಿಯ ಓದುಗರೊಬ್ಬರು ಫೋನಿನಲ್ಲಿ ಲಿಂಕ್ ಒತ್ತಿದಾಗ ನಡೆಯುವುದನ್ನು ಗಮನಿಸಿ: ಸಂಪರ್ಕ ತೆರೆಯಲು ಒಂದು ಸುತ್ತು, ಎಚ್‌ಟಿಟಿಪಿಎಸ್ ಬೀಗದ ಒಪ್ಪಂದಕ್ಕೆ ಇನ್ನೊಂದು, ಪುಟ ಕೇಳಿ ಪಡೆಯಲು ಮತ್ತೊಂದು. ಈ ಬೀಗದ ಹೊಸ ಆವೃತ್ತಿಯಾಗಿ 2018ರಲ್ಲಿ ಬಂದ ಟಿಎಲ್‌ಎಸ್ 1.3 ಇರುವಲ್ಲಿ ಹೀಗೆ ಮೂರು ಸುತ್ತು, ಹಳೆಯ 1.2 ಆದರೆ ನಾಲ್ಕು. ಮೊದಲ ಅಕ್ಷರ ಬರುವ ಹೊತ್ತಿಗೆ ಮೂರು ಸುತ್ತಿಗೇ 600 ಮಿಲಿಸೆಕೆಂಡ್ ಕಳೆದವು, ಸರ್ವರ್ ಪುಟ ಕಟ್ಟಲು ತೆಗೆದುಕೊಂಡ ಸಮಯ ಇದರಲ್ಲಿ ಸೇರಿಲ್ಲ. ಮೊದಲ ಬೈಟು 800 ಮಿಲಿಸೆಕೆಂಡಿನೊಳಗೆ ಬರಬೇಕೆಂದು ಗೂಗಲ್ ಸಲಹೆ ಮಾಡುತ್ತದೆ. ಆ ಸಮಯದ ಮುಕ್ಕಾಲು ಭಾಗವನ್ನು ಸಮುದ್ರವೇ ನುಂಗಿತು. ಅದೇ ಸರ್ವರ್ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಮೂರೂ ಸುತ್ತು ಸೇರಿ ನೂರು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಓದುಗರು ಇಲ್ಲಿದ್ದು ಸರ್ವರ್ ಅಲ್ಲಿದ್ದರೆ, ಪ್ರೀಮಿಯಂ, ಟರ್ಬೊ ಎಂಬ ಹೆಸರಿನ ಯಾವ ಪ್ಲಾನೂ ಈ ದೂರವನ್ನು ಕಡಿಮೆ ಮಾಡಲಾರದು. ಓದುಗರು ಹೆಚ್ಚಾಗಿ ಅಮೆರಿಕದ ಕನ್ನಡ ಕೂಟದವರೇ ಆಗಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ, ಅದನ್ನೂ ಮರೆಯಬಾರದು.

ದೂರದಷ್ಟೇ ಮುಖ್ಯವಾದದ್ದು ತೂಕ. ಇಲ್ಲಿ ಕನ್ನಡದವರಿಗೆ ಸಂತೋಷದ ಸುದ್ದಿಯೊಂದಿದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕು, ಇಂಗ್ಲಿಷಿನ ಅಕ್ಷರಕ್ಕೆ ಒಂದು ಸಾಕು. ಕೇಳಿದರೆ ಹೊರೆ ಎನಿಸುತ್ತದೆ. ಆದರೂ ಹತ್ತು ಸಾವಿರ ಸಂಕೇತಗಳ ದೀರ್ಘ ಲೇಖನ 30 ಕಿಲೋಬೈಟಿನೊಳಗೆ ಮುಗಿಯುತ್ತದೆ. ಜಿಜಿಪ್ ಅಥವಾ ಬ್ರಾಟ್ಲಿಯಲ್ಲಿ ಕುಗ್ಗಿಸಿ ಕಳಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಫೋನಿನಿಂದ ತೆಗೆದು ಹಾಗೆಯೇ ಏರಿಸಿದ ಸಮಾರಂಭದ ಒಂದು ಫೋಟೊ ಮಾತ್ರ ಮೂರ್ನಾಲ್ಕು ಮೆಗಾಬೈಟ್. ಅಂದರೆ ದೀಪ ಬೆಳಗುವ ಒಂದು ಚಿತ್ರ ನೂರು ಲೇಖನಗಳ ತೂಕ ತೂಗುತ್ತದೆ. ಅದನ್ನೇ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ನೂರು, ನೂರೈವತ್ತು ಕಿಲೋಬೈಟಿಗೆ ಬರುತ್ತದೆ, ಫೋನಿನ ತೆರೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕೆ ಖರ್ಚಾಗುವುದು ಎರಡು ನಿಮಿಷದ ಶ್ರಮ ಮಾತ್ರ.

ಫಾಂಟಿನ ವಿಷಯವೂ ಹೀಗೆಯೇ. ಒತ್ತಕ್ಷರ, ಗುಣಿತಾಕ್ಷರಗಳ ಆಕಾರಗಳೆಲ್ಲ ಸೇರಬೇಕಾದ್ದರಿಂದ ಕನ್ನಡದ ಫಾಂಟ್ ಕಡತ ಇಂಗ್ಲಿಷಿನದಕ್ಕಿಂತ ಭಾರ. ಮೂರ್ನಾಲ್ಕು ಬಗೆಯ ಅಂದದ ಫಾಂಟುಗಳನ್ನು ತಾಣಕ್ಕೆ ಕಟ್ಟಿದರೆ ಓದುಗರು ಲೇಖನಕ್ಕಿಂತ ಹೆಚ್ಚಾಗಿ ಫಾಂಟನ್ನೇ ಇಳಿಸಿಕೊಳ್ಳುತ್ತಾರೆ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಕನ್ನಡ, ವಿಂಡೋಸಿನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತವೆ. ಮೈಬರಹಕ್ಕೆ ಅವನ್ನೇ ಬಳಸಿ, ಬೇಕೇಬೇಕೆಂದರೆ ಶೀರ್ಷಿಕೆಗೊಂದು ಫಾಂಟನ್ನು ವಾಫ್2 ರೂಪದಲ್ಲಿ ಕೊಟ್ಟರೆ ಸಾಕು. ನುಡಿ, ಬರಹ ತಂತ್ರಾಂಶಗಳ ಕಾಲದ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಚಿತ್ರವಾಗಿಯೋ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿಯೋ ಏರಿಸುವ ಅಭ್ಯಾಸ ಇನ್ನೂ ಉಳಿದಿದೆ. ಅದು ತಾಣವನ್ನು ನಿಧಾನಗೊಳಿಸುತ್ತದೆ, ಜೊತೆಗೆ ಹುಡುಕಿದವರ ಕೈಗೆ ಸಿಗದಂತೆಯೂ ಮಾಡುತ್ತದೆ. ಒಳ್ಳೆಯ ಹೋಸ್ಟಿಂಗ್ ಹುಡುಕುವ ಉತ್ಸಾಹದ ಕಾಲುಭಾಗ ಈ ಪರಿವರ್ತನೆಗೆ ಸಂದರೆ ಫಲ ಹೆಚ್ಚು.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಕೈಗೆಟಕುವ ದಾರಿಗಳು ಮೂರು.

ಮೊದಲನೆಯದು ಸ್ಟ್ಯಾಟಿಕ್ ತಾಣ. ಲೇಖನ ಪ್ರಕಟಿಸುವಾಗಲೇ ಪುಟವನ್ನು ಪೂರ್ತಿ ಕಟ್ಟಿಟ್ಟುಬಿಡುವುದು. ಓದುಗರು ಕೇಳಿದಾಗ ಸಿದ್ಧ ಕಡತವನ್ನು ಎತ್ತಿಕೊಡುವುದಷ್ಟೇ ಕೆಲಸ. ಹ್ಯೂಗೊ, ಜೆಕಿಲ್ ಮೊದಲಾದ ಸಲಕರಣೆಗಳು ಇದನ್ನು ಮಾಡುತ್ತವೆ. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಇಂಥ ತಾಣಗಳನ್ನು ಉಚಿತವಾಗಿ ಇಟ್ಟುಕೊಳ್ಳುತ್ತವೆ. ಗಿಟ್‌ಹಬ್ಬಿನ ಮಿತಿ ತಾಣಕ್ಕೆ 1 ಜಿಬಿ, ತಿಂಗಳ ರವಾನೆಗೆ 100 ಜಿಬಿ. ಪುಟವೊಂದು 1 ಮೆಗಾಬೈಟ್ ಇದ್ದರೂ ತಿಂಗಳಿಗೆ ಒಂದು ಲಕ್ಷ ಬಾರಿ ತೆರೆಯಬಹುದು. ಡೇಟಾಬೇಸ್ ಇಲ್ಲ, ಪ್ಲಗ್‌ಇನ್ ಅಪ್‌ಡೇಟ್ ಇಲ್ಲ, ಲಾಗಿನ್ ಪುಟ ಒಡೆಯಲು ಬರುವವರ ಕಾಟವಿಲ್ಲ. ಖರ್ಚು ಡೊಮೇನಿನದ್ದು ಮಾತ್ರ. ಕತೆ, ಕವಿತೆ, ಲೇಖನ, ಸಂಸ್ಥೆಯ ಪರಿಚಯ ಇಷ್ಟೇ ಇರುವ ತಾಣಕ್ಕೆ ಇದಕ್ಕಿಂತ ವೇಗದ ಏರ್ಪಾಡು ಈ ಬೆಲೆಗೆ ಬೇರೊಂದಿಲ್ಲ. ಕೊರತೆಯೂ ಸಣ್ಣದಲ್ಲ. ಎಪ್ಪತ್ತು ದಾಟಿದ ಸಂಪಾದಕರಿಗೆ ಇದಕ್ಕೆ ಬೇಕಾದ ಗಿಟ್ ಎಂಬ ಸಲಕರಣೆಯನ್ನು ಕಲಿಸುವುದು ಸುಲಭವಲ್ಲ. ಚಂದಾ ಪಾವತಿ, ಓದುಗರ ಪ್ರತಿಕ್ರಿಯೆ, ಅರ್ಜಿ ನಮೂನೆಗಳಿಗೆ ಬೇರೆ ಸೇವೆ ಜೋಡಿಸಬೇಕು. ಅಂಗಡಿ ವ್ಯವಹಾರ ನಡೆಸಲು ಗಿಟ್‌ಹಬ್ ಪೇಜಸ್ ಅವಕಾಶ ಕೊಡುವುದಿಲ್ಲ.

ಎರಡನೆಯದು ಶೇರ್ಡ್ ಹೋಸ್ಟಿಂಗನ್ನೇ ಜಾಣತನದಿಂದ ಬಳಸುವುದು. ಹಲವರು ಸೇರಿ ಬರೆಯುವ, ತಾವೇ ಏರಿಸುವ ಪತ್ರಿಕೆಗೆ ವರ್ಡ್‌ಪ್ರೆಸ್ಸಿನ ಅನುಕೂಲ ನಿಜವಾದದ್ದು. ಅಂಥವರು ಭಾರತದಲ್ಲಿ ಸರ್ವರ್ ಇರುವ ಸಾಧಾರಣ ಪ್ಲಾನನ್ನು ಒಂದು ವರ್ಷಕ್ಕೆ ಕೊಂಡು, ಪುಟಗಳನ್ನು ಕ್ಯಾಶ್ ಮಾಡಬೇಕು. ಲೈಟ್‌ಸ್ಪೀಡ್ ಸರ್ವರ್ ಇರುವ ಕಡೆ ಅದರದೇ ಕ್ಯಾಶ್ ಪ್ಲಗ್‌ಇನ್ ಉಚಿತ. ತಾಣದ ಮುಂದೆ ಕ್ಲೌಡ್‌ಫ್ಲೇರಿನ ಉಚಿತ ಸಿಡಿಎನ್ (ಕಡತಗಳ ಪ್ರತಿಗಳನ್ನು ಹಲವು ಊರುಗಳಲ್ಲಿ ಇಟ್ಟು ಹಂಚುವ ಜಾಲ) ಇಟ್ಟರೆ ಚಿತ್ರ, ಸ್ಟೈಲ್ ಕಡತಗಳು ಓದುಗರ ಹತ್ತಿರದಿಂದಲೇ ಸಿಗುತ್ತವೆ. ಆದರೆ ತಾನಾಗಿ ಅದು ಲೇಖನದ ಎಚ್‌ಟಿಎಂಎಲ್ ಪುಟವನ್ನು ಕ್ಯಾಶ್ ಮಾಡುವುದಿಲ್ಲ. ಅದಕ್ಕೆ ಬೇರೆ ನಿಯಮ ಬರೆಯಬೇಕು. ಸಿಡಿಎನ್ ಹಾಕಿದರೂ ವೇಗ ಬರಲಿಲ್ಲ ಎಂದು ದೂರುವವರು ಮೊದಲು ನೋಡಬೇಕಾದದ್ದು ಇದನ್ನೇ. ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಹಣ ಕೇಳಿದರೆ ಕೊಡುವ ಅಗತ್ಯವಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ.

ಮೂರನೆಯದು ವಿಪಿಎಸ್, ಅಂದರೆ ನಮ್ಮ ಪಾಲಿಗೆ ಮೀಸಲಿಟ್ಟ ಪುಟ್ಟ ಸರ್ವರ್. ಡಿಜಿಟಲ್ ಓಷನ್ 2016ರಿಂದ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ನಡೆಸುತ್ತಿದೆ. 1 ಜಿಬಿ ಮೆಮೊರಿಯ ಸರ್ವರ್ ತಿಂಗಳಿಗೆ ಸುಮಾರು 6 ಡಾಲರಿಗೆ ಸಿಗುತ್ತದೆ. ವೇಗಕ್ಕೆ ಕೊರತೆಯಿಲ್ಲ. ಆದರೆ ಸುರಕ್ಷೆಯ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್, ನಡುರಾತ್ರಿ ಕೈಕೊಟ್ಟಾಗ ಎಬ್ಬಿಸುವ ಕೆಲಸ ಎಲ್ಲವೂ ನಮ್ಮದೇ. ಲಿನಕ್ಸ್ ಬಲ್ಲವರೊಬ್ಬರು ಬಳಗದಲ್ಲಿ ಖಾಯಂ ಇದ್ದರೆ ಸರಿ. ಎರಡು ವರ್ಷದಲ್ಲಿ ಕೆಲಸ ಹಿಡಿದು ಬೇರೆ ಊರಿಗೆ ಹೋಗುವ ವಿದ್ಯಾರ್ಥಿಯನ್ನು ನಂಬಿ ವಿಪಿಎಸ್ ತೆಗೆದುಕೊಳ್ಳುವುದು ಅಪಾಯ.

ಆಯ್ಕೆಗೆ ಮೊದಲು ‘ಟಾಪ್ ಟೆನ್’ ಪಟ್ಟಿಗಳನ್ನು ಓದುವವರು ಒಂದು ಸಂಗತಿ ತಿಳಿದಿರಬೇಕು. ಹೋಸ್ಟಿಂಗ್ ಕಂಪನಿಗಳು ಗಿರಾಕಿಯನ್ನು ಕರೆತಂದವರಿಗೆ ಕಮಿಷನ್ ಕೊಡುತ್ತವೆ. ಇಂಥ ಪಟ್ಟಿಗಳಲ್ಲಿ ಹಲವು ಆ ಕಮಿಷನ್ನಿನಿಂದ ನಡೆಯುತ್ತವೆ. ಬೇರೆಬೇರೆಯಾಗಿ ಕಾಣುವ ಹೆಸರುಗಳ ಹಿಂದೆ ಒಂದೇ ಒಡೆತನವೂ ಇರಬಹುದು: ಬ್ಲೂಹೋಸ್ಟ್, ಹೋಸ್ಟ್‌ಗೇಟರ್ ಎರಡೂ ಎಂಡ್ಯೂರೆನ್ಸ್ ಎಂಬ ಕಂಪನಿಯ ಕೈಯಲ್ಲಿದ್ದವು, 2021ರಲ್ಲಿ ಅದು ನ್ಯೂಫೋಲ್ಡ್ ಡಿಜಿಟಲ್ ಆಯಿತು. ಪಟ್ಟಿಗಿಂತ ನಮ್ಮ ಪರೀಕ್ಷೆಯೇ ಮೇಲು. ಹಣ ವಾಪಸ್ ಕೊಡುವ ಅವಧಿಯೊಳಗೆ ತಾಣ ಏರಿಸಿ, ಬೆಳಿಗ್ಗೆ, ರಾತ್ರಿ ಒಂಬತ್ತಕ್ಕೆ, ಭಾನುವಾರ ಹೀಗೆ ಬೇರೆಬೇರೆ ಹೊತ್ತಿನಲ್ಲಿ ಮೊಬೈಲ್ ಡೇಟಾದಿಂದ ತೆರೆದು ನೋಡಬೇಕು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ಉಚಿತವಾಗಿ ಅಳೆದುಕೊಡುತ್ತದೆ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಿಸಿದರೆ ಒಳ್ಳೆಯದು.

ಬ್ಯಾಕಪ್ ಯಾರ ಮೇಲೂ ಬಿಡುವ ವಿಷಯವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದ ಗಿರಾಕಿಗಳು ಎಲ್ಲವನ್ನೂ ಕಳೆದುಕೊಂಡರು. ಡೊಮೇನನ್ನು ಸಂಸ್ಥೆಯ ಹೆಸರಿನಲ್ಲಿ, ಹೋಸ್ಟಿಂಗಿನಿಂದ ಬೇರೆ ಕಡೆ ಕೊಂಡಿಟ್ಟು, ತಿಂಗಳಿಗೊಮ್ಮೆ ಪೂರ್ತಿ ತಾಣದ ಪ್ರತಿಯನ್ನು ನಮ್ಮ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡರೆ ಯಾವ ಕಂಪನಿಯ ಹಂಗೂ ಇರುವುದಿಲ್ಲ. ಬೇಸರವಾದ ದಿನ ಜಾಗ ಬದಲಿಸಬಹುದು.

ಇಷ್ಟನ್ನು ತೂಗಿ ನೋಡಿದಾಗ, ನಾಲ್ಕು ವರ್ಷದ ಮುಂಗಡ ಕಟ್ಟಿ ಭಾರವಾದ ಥೀಮಿನ ವರ್ಡ್‌ಪ್ರೆಸ್ ಕೂರಿಸುವ ಈಗಿನ ರೂಢಿ ಬಹುತೇಕ ಸಣ್ಣ ಕನ್ನಡ ತಾಣಗಳಿಗೆ ತಕ್ಕುದಲ್ಲ ಎಂದೇ ಹೇಳಬೇಕಾಗುತ್ತದೆ. ಬರಹವೇ ಬಂಡವಾಳವಾದ ತಾಣ ಮೊದಲು ಸ್ಟ್ಯಾಟಿಕ್ ದಾರಿಯನ್ನು ಪರೀಕ್ಷಿಸಲಿ. ಅದು ಒಗ್ಗದಿದ್ದರೆ ಇಲ್ಲಿನ ಸರ್ವರಿನಲ್ಲಿ ವರ್ಷದ ಪ್ಲಾನ್ ಕೊಂಡು ಕ್ಯಾಶ್ ಮಾಡಲಿ. ಉಳಿದ ಹಣವನ್ನು ಹಳೆಯ ಸಂಚಿಕೆಗಳ ಯೂನಿಕೋಡ್ ಪರಿವರ್ತನೆಗೆ, ಕರಡು ತಿದ್ದುವವರ ಸಂಭಾವನೆಗೆ, ಬರೆದವರ ಗೌರವಧನಕ್ಕೆ ಕೊಡಲಿ. ಓದುಗರು ತಾಣಕ್ಕೆ ಬರುವುದು ಆ ಬರಹಕ್ಕಾಗಿ, ನಮ್ಮ ದುಡ್ಡೂ ಅಲ್ಲಿಗೇ ಸಲ್ಲಬೇಕು.